ಕ್ಯೂನಲ್ಲಿ 60 ಸಾವಿರ ಮೆಸೇಜು ನಿಂತರೆ ಸರ್ವರ್ ಏರಿಸಬೇಕೇ?

ಪ್ರಶ್ನೆ: ನಮ್ಮದು ನಾಲ್ಕು ಜನರ ಸಣ್ಣ ತಂಡ. ಶಾಲೆಗಳಿಂದ ಪೋಷಕರಿಗೆ ಮೆಸೇಜು ಕಳಿಸುವ ಸಾಫ್ಟ್‌ವೇರ್ ಮಾಡಿದ್ದೇವೆ. ಎಸ್‌ಎಂಎಸ್, ಇಮೇಲ್, ಲಾಗಿನ್ ಒಟಿಪಿ ಎಲ್ಲವೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದೇ ಟೇಬಲ್‌ನಲ್ಲಿ ಸಾಲಾಗಿ ನಿಲ್ಲುತ್ತವೆ. ಫಲಿತಾಂಶದ ದಿನ ಒಂದೇ ಸಲ 60,000 ಕನ್ನಡ ಎಸ್‌ಎಂಎಸ್ ಬಂದವು. ಎಸ್‌ಎಂಎಸ್‌ಗಳನ್ನು ಮೊಬೈಲ್ ಕಂಪನಿಗಳಿಗೆ ದಾಟಿಸುವ ಹೊರಗಿನ ಗೇಟ್‌ವೇ ಸೆಕೆಂಡಿಗೆ 50 ತಗೊಳ್ಳುತ್ತದೆ, ಅಂದರೆ 20 ನಿಮಿಷದಲ್ಲಿ ಮುಗಿಯಬೇಕಿತ್ತು. ಒಂದೂವರೆ ಗಂಟೆ ಆದರೂ ಮುಗಿಯಲಿಲ್ಲ. ಸಾಲಿನಿಂದ ಮೆಸೇಜು ಎತ್ತಿ ಕಳಿಸುವ ಪ್ರೋಗ್ರಾಂಗಳನ್ನು, ಅಂದರೆ ವರ್ಕರ್‌ಗಳನ್ನು, 20ರಿಂದ 200ಕ್ಕೆ ಏರಿಸಿದೆವು. 8 ಕೋರ್ ಸರ್ವರ್‌ನ ಲೋಡ್ 40 ದಾಟಿತು, ಕಳಿಸುವ ವೇಗ ಇನ್ನೂ ಇಳಿಯಿತು. ಕೆಲವು ಪೋಷಕರಿಗೆ ಒಂದೇ ಮೆಸೇಜು ಮೂರು ಸಲ ಹೋಯಿತು. ಒಟಿಪಿ ಅರ್ಧ ಗಂಟೆ ತಡ. ದೊಡ್ಡ ಸರ್ವರ್ ತಗೊಳ್ಳಬೇಕೋ, ಕಾಫ್ಕಾ ಎಂಬ ಮೆಸೇಜಿಂಗ್ ಸಾಫ್ಟ್‌ವೇರ್‌ಗೆ ಹೋಗಬೇಕೋ?

ಉತ್ತರ:

ಸದ್ಯಕ್ಕೆ ಎರಡೂ ಬೇಡ. ಆ ದುಡ್ಡು ಉಳಿಸಿಕೊಳ್ಳಿ. ನಿಮ್ಮ ತೊಂದರೆಯ ಬೇರು ಆ 20 ನಿಮಿಷದ ಲೆಕ್ಕದಲ್ಲೇ ಇದೆ. ಅಲ್ಲಿಂದಲೇ ಶುರು ಮಾಡೋಣ.

60,000ವನ್ನು 50ರಿಂದ ಭಾಗಿಸಿದರೆ 1,200 ಸೆಕೆಂಡ್. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ನೀವು ಎಣಿಸಿದ್ದು ಮೆಸೇಜುಗಳನ್ನು, ಗೇಟ್‌ವೇ ಸಾಮಾನ್ಯವಾಗಿ ಎಣಿಸುವುದು ತುಂಡುಗಳನ್ನು. ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ ಒಂದು ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಸುತ್ತವೆ. ಕನ್ನಡದ ಒಂದೇ ಒಂದು ಅಕ್ಷರ ಸೇರಿದರೂ ಇಡೀ ಮೆಸೇಜು 16 ಬಿಟ್‌ಗೆ ಬದಲಾಗುತ್ತದೆ. ಆಗ ಮಿತಿ 70. ಅದನ್ನೂ ಮೀರಿದರೆ ಮೆಸೇಜನ್ನು ತುಂಡು ಮಾಡಬೇಕು. ಫೋನಿನಲ್ಲಿ ತುಂಡುಗಳು ಮತ್ತೆ ಜೋಡಿಯಾಗಲು ಪ್ರತಿ ತುಂಡಿನ ತಲೆಯಲ್ಲಿ ಒಂದಿಷ್ಟು ಜಾಗ ಹೋಗುತ್ತದೆ. ಉಳಿಯುವುದು ತುಂಡಿಗೆ 67.

ಆ 67 ಕೂಡ ನಾವು ಓದುವ ಅಕ್ಷರಗಳಲ್ಲ. ಒಂದು ಸಣ್ಣ ವಾಕ್ಯ ತಗೊಳ್ಳಿ: "ನಿಮ್ಮ ಮಗುವಿನ ಫಲಿತಾಂಶ ಪ್ರಕಟವಾಗಿದೆ." ಬಾಯಲ್ಲಿ ಎಣಿಸಿದರೆ 16 ಅಕ್ಷರ. ಕಂಪ್ಯೂಟರ್ ಎಣಿಸಿದರೆ ಸ್ಪೇಸ್, ಚುಕ್ಕಿ ಸೇರಿ 33. "ಪ್ರ" ನಮಗೆ ಒಂದು, ಅದಕ್ಕೆ ಮೂರು: ಪ, ವಿರಾಮ, ರ. "ತಾಂ" ಕೂಡ ಮೂರು. "ಸಾಫ್ಟ್‌ವೇರ್" ಥರದ ಪದಗಳಲ್ಲಿ ಒತ್ತಕ್ಷರ ಆಗದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಅದಕ್ಕೂ ಒಂದು ಲೆಕ್ಕ. ಶಾಲೆಯ ಹೆಸರು, ಮಗುವಿನ ಹೆಸರು, ಲಿಂಕ್ ಎಲ್ಲ ಸೇರಿದರೆ ಇಂಥ ಮೆಸೇಜು ಸುಲಭವಾಗಿ 150 ಆಗುತ್ತದೆ. ಅಂದರೆ ಮೂರು ತುಂಡು.

ಈಗ ಮತ್ತೆ ಲೆಕ್ಕ ಹಾಕಿ. 60,000 ಮೆಸೇಜು, 1,80,000 ತುಂಡು. ಸೆಕೆಂಡಿಗೆ 50ರಂತೆ 3,600 ಸೆಕೆಂಡ್. ಎಲ್ಲವೂ ಚೆನ್ನಾಗಿ ನಡೆದರೂ ಪೂರ್ತಿ ಒಂದು ಗಂಟೆ ಬೇಕೇ ಬೇಕು! ಅದರ ಮೇಲೆ ಆದ ತಡ ನೀವು ಗಾಬರಿಯಲ್ಲಿ ಮಾಡಿದ ಕೆಲಸದಿಂದ ಬಂತು. ಅದಕ್ಕೆ ಮುಂದೆ ಬರುತ್ತೇನೆ.

ಇಂಗ್ಲಿಷಿಗೆ ಬದಲಾಯಿಸಿ ಅಂತ ನಾನು ಖಂಡಿತ ಹೇಳುವುದಿಲ್ಲ. ಓದುವವರು ತಂದೆತಾಯಿ, ಅವರಿಗೆ ಕನ್ನಡವೇ ಬೇಕು. ಮೆಸೇಜನ್ನು ಎರಡು ತುಂಡಿಗೆ, ಅಂದರೆ 134ಕ್ಕೆ ಇಳಿಸಿ. ಅಷ್ಟರಿಂದಲೇ 20 ನಿಮಿಷ ಉಳಿಯುತ್ತದೆ, ಬಿಲ್ ಕೂಡ ಮೂರನೇ ಒಂದು ಭಾಗ ಕಡಿಮೆ ಆಗಬಹುದು. ಉದ್ದದ ಲಿಂಕ್ ತೆಗೆಯಿರಿ, "ಮಾನ್ಯ ಪೋಷಕರೇ ತಮಗೆ ತಿಳಿಸುವುದೇನೆಂದರೆ" ಎಂಬುದನ್ನು ಬಿಡಿ. ಟೆಂಪ್ಲೇಟ್ ಬದಲಾದರೆ ಡಿಎಲ್‌ಟಿಯಲ್ಲಿ (ಎಸ್‌ಎಂಎಸ್ ಟೆಂಪ್ಲೇಟ್‌ಗಳನ್ನು ನೋಂದಾಯಿಸುವ ಟೆಲಿಕಾಂ ವ್ಯವಸ್ಥೆ) ಮತ್ತೆ ಒಪ್ಪಿಗೆ ಪಡೆಯಬೇಕಲ್ವಾ, ಅದಕ್ಕೆ ಮುಂಚೆಯೇ ಸಮಯ ಇಟ್ಟುಕೊಳ್ಳಿ. ಹಾಗೇ ಕ್ಯೂ ಟೇಬಲ್‌ನಲ್ಲಿ "ತುಂಡುಗಳು" ಅಂತ ಒಂದು ಕಾಲಂ ಸೇರಿಸಿ. ಇನ್ನು ಮುಂದೆ ವೇಗದ ಲೆಕ್ಕವನ್ನೆಲ್ಲ ಅದರಲ್ಲೇ ಮಾಡಿ.

ಇನ್ನು ವರ್ಕರ್‌ಗಳ ವಿಷಯ. ಊರಿನ ಹಿಟ್ಟಿನ ಗಿರಣಿ ನೋಡಿರುತ್ತೀರಿ. ಜನ ಡಬ್ಬಿಗಳನ್ನು ಸಾಲಾಗಿ ಇಟ್ಟು ಹೋಗುತ್ತಾರೆ. ಕಲ್ಲು ತಿರುಗುವ ವೇಗ ಒಂದೇ. ಡಬ್ಬಿ ಎತ್ತಿಕೊಡಲು ಒಬ್ಬನ ಬದಲು ಹತ್ತು ಹುಡುಗರು ನಿಂತರೆ ರಾಗಿ ಬೇಗ ಬೀಸುವುದಿಲ್ಲ. ಬಾಯಿಯ ಹತ್ತಿರ ನೂಕಾಟ ಆಗುತ್ತದೆ, ಹಿಟ್ಟು ಚೆಲ್ಲುತ್ತದೆ. ನಿಮ್ಮ ಕಲ್ಲು ಗೇಟ್‌ವೇ. ಅದು ನಿಮ್ಮ ಸರ್ವರ್‌ನಲ್ಲಿ ಇಲ್ಲವೇ ಇಲ್ಲ. 200 ವರ್ಕರ್ ಇಟ್ಟರೂ, 64 ಕೋರ್ ತಂದರೂ ಅದು ಸೆಕೆಂಡಿಗೆ 50 ತುಂಡನ್ನೇ ಬೀಸುತ್ತದೆ.

ಸಾಲಿನ ಗಣಿತ ನೂರು ವರ್ಷಕ್ಕಿಂತ ಹಳೆಯದು. ಡೆನ್ಮಾರ್ಕ್‌ನ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಟೆಲಿಫೋನ್ ಕರೆಗಳು ಹೇಗೆ ಬಂದು ಬೀಳುತ್ತವೆ ಎಂಬುದರ ಬಗ್ಗೆ 1909ರಲ್ಲೇ ಬರೆದ. ಅವನ ಹೆಸರಿನ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇವತ್ತು ರ್‍ಯಾಬಿಟ್‌ಎಂಕ್ಯೂ, ಇಜ್ಯಾಬರ್‌ಡಿ ಎಂಬ ಮೆಸೇಜಿಂಗ್ ಸಾಫ್ಟ್‌ವೇರ್‌ಗಳನ್ನು ಬರೆದಿದ್ದಾರೆ. 1961ರಲ್ಲಿ ಜಾನ್ ಲಿಟಲ್ ಇನ್ನೊಂದು ಸರಳ ನಿಯಮವನ್ನು ಸಾಬೀತು ಮಾಡಿದರು: ಸಾಲಿನಲ್ಲಿ ಇರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಬ್ಬೊಬ್ಬರು ಕಾಯುವ ಸಮಯ. ಈ ಒಂದು ಗುಣಾಕಾರ ಗೊತ್ತಿದ್ದರೆ ಮೆಸೇಜಿಂಗ್‌ನ ಅರ್ಧ ಜಗಳ ಬಗೆಹರಿಯುತ್ತದೆ.

ಇನ್ನರ್ಧ ಬಗೆಹರಿಯಲು ಈ ಅಂಕಿಗಳನ್ನು ನೋಡಿ. ಒಂದು ಕೌಂಟರ್ ಸೆಕೆಂಡಿಗೆ 50 ಕೆಲಸ ಮುಗಿಸುತ್ತದೆ ಅನ್ನೋಣ. ಕೆಲಸಗಳು ಸಮಯ ನೋಡದೆ ಹೇಗೆಂದರೆ ಹಾಗೆ ಬರುತ್ತವೆ. ಸೆಕೆಂಡಿಗೆ 25 ಬಂದಾಗ ಒಂದು ಕೆಲಸ ಒಳಗೆ ಹೋಗಿ ಹೊರಗೆ ಬರಲು ಸರಾಸರಿ 40 ಮಿಲಿಸೆಕೆಂಡ್. 40 ಬಂದಾಗ 100. 45 ಬಂದಾಗ 200. 49 ಬಂದಾಗ ಒಂದು ಪೂರ್ತಿ ಸೆಕೆಂಡ್. 51 ಬಂದರೆ ಉತ್ತರವೇ ಇಲ್ಲ, ಸಾಲು ಬೆಳೆಯುತ್ತಲೇ ಹೋಗುತ್ತದೆ. 45ರಿಂದ 49ಕ್ಕೆ ನಾಲ್ಕೇ ಹೆಜ್ಜೆ, ಕಾಯುವುದು ಮಾತ್ರ ಐದು ಪಟ್ಟು. "ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಯಾಕೋ ನಿಂತೇಹೋಯ್ತು" ಅಂತ ಎಲ್ಲರೂ ಹೇಳುವುದು ಇದಕ್ಕೇ. ನಿನ್ನೆಯೂ ಅಷ್ಟು ಚೆನ್ನಾಗಿ ಇರಲಿಲ್ಲ. ಅಂಚಿನ ಹತ್ತಿರ ಇತ್ತು, ಅಷ್ಟೆ.

ಲೋಡ್ 40 ಕಂಡು ನೀವು ಹೆದರಿದ್ದು ಸಹಜ. ಆದರೆ ಲಿನಕ್ಸ್‌ನ ಲೋಡ್ ಆವರೇಜ್ ಬರೀ ಸಿಪಿಯು ಲೆಕ್ಕ ಅಲ್ಲ. ಡಿಸ್ಕ್‌ಗಾಗಿ ಕಾಯುತ್ತಾ ನಿಂತ ಪ್ರೊಸೆಸ್‌ಗಳೂ ಅದರಲ್ಲಿ ಸೇರುತ್ತವೆ. ಮುಂದಿನ ಸಲ ಹೀಗಾದಾಗ "ಟಾಪ್" ಕಮಾಂಡ್ ತೆರೆದು ಸಿಪಿಯು ಸಾಲಿನಲ್ಲಿರುವ "ವೇಟ್" ಅಂಕಿ ನೋಡಿ. ಪ್ರೊಸೆಸ್‌ಗಳ ಸ್ಥಿತಿಯ ಕಾಲಂನಲ್ಲಿ "ಡಿ", ಅಂದರೆ ಹೀಗೆ ಕಾಯುತ್ತಾ ನಿಂತವು, ಎಷ್ಟಿವೆ ಎಣಿಸಿ. ನನ್ನ ಊಹೆ ಹೀಗಿದೆ. ನಿಮ್ಮ ವರ್ಕರ್ ಒಂದು ಮೆಸೇಜಿಗೆ ಮುಂಚೆ "ಕಳಿಸುತ್ತಿದೆ" ಅಂತ ಒಂದು ಅಪ್‌ಡೇಟ್ ಮಾಡುತ್ತದೆ, ಆಮೇಲೆ "ಕಳಿಸಿದೆ" ಅಂತ ಇನ್ನೊಂದು. ಪ್ರತಿ ಅಪ್‌ಡೇಟಿಗೂ ಒಂದು ಕಮಿಟ್, ಅಂದರೆ ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ. ಪೋಸ್ಟ್‌ಗ್ರೆಸ್ ಮೊದಲಿಂದಲೂ ಪ್ರಾಮಾಣಿಕ. ಬರೆದದ್ದು ನಿಜವಾಗಿ ಡಿಸ್ಕ್ ಮುಟ್ಟುವ ತನಕ ಕಮಿಟ್ ಆಯಿತು ಅನ್ನುವುದಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ಮಾತ್ರ ತಿರುಗುತ್ತದೆ. ಎಸ್‌ಎಸ್‌ಡಿ ಎಷ್ಟೋ ಪಟ್ಟು ವೇಗ, ಆದರೂ ಕ್ಲೌಡ್ ಡಿಸ್ಕ್‌ಗೆ ಸೆಕೆಂಡಿಗೆ ಇಷ್ಟೇ ಅಂತ ಮಿತಿ ಇರುತ್ತದೆ. 200 ವರ್ಕರ್‌ಗಳು ಒಟ್ಟಿಗೆ ಕಮಿಟ್‌ಗೆ ನಿಂತರೆ ಸಿಪಿಯು ಖಾಲಿ ಕೂತಿರುತ್ತದೆ, ಲೋಡ್ ಮಾತ್ರ ಏರುತ್ತದೆ. ಪೋಸ್ಟ್‌ಗ್ರೆಸ್‌ನ ಕನೆಕ್ಷನ್ ಮಿತಿ ಡೀಫಾಲ್ಟ್ ಆಗಿ 100. ಅದನ್ನೂ ನೀವು ಏರಿಸಿರಬೇಕು. ಆ ಮಿತಿ ಸುಮ್ನೆ ಇಟ್ಟದ್ದಲ್ಲ.

ಟೇಬಲ್ ಅನ್ನೇ ಕ್ಯೂ ಮಾಡಿಕೊಂಡವರು ಬೀಳುವ ಗುಂಡಿ ಇನ್ನೊಂದಿದೆ. ಎಲ್ಲ ವರ್ಕರ್‌ಗಳೂ ಸಾಲಿನ ಮೊದಲ ಮೆಸೇಜಿಗೇ ಕೈ ಹಾಕುತ್ತವೆ. ಒಂದಕ್ಕೆ ಸಿಗುತ್ತದೆ, ಮಿಕ್ಕ 199 ಟೇಬಲ್‌ನ ಅದೇ ಸಾಲು, ಅಂದರೆ ಅದೇ ರೋ, ಬಿಡುಗಡೆ ಆಗಲಿ ಅಂತ ಬೀಗದ ಮುಂದೆ ಕಾಯುತ್ತವೆ. ಇದಕ್ಕೆ ಪೋಸ್ಟ್‌ಗ್ರೆಸ್ 9.5ರಲ್ಲಿ "ಸ್ಕಿಪ್ ಲಾಕ್ಡ್" ಎಂಬ ಎರಡು ಪದ ಬಂದವು. ಬೇರೆಯವರು ಹಿಡಿದಿರುವ ರೋ ಬಿಟ್ಟು ಮುಂದಿನದನ್ನು ತಗೋ ಅಂತ ಅರ್ಥ. "ಫಾರ್ ಅಪ್‌ಡೇಟ್" ಆದ ಮೇಲೆ ಆ ಎರಡು ಪದ ಸೇರಿಸಿ. ಒಂದೊಂದೇ ತಗೊಳ್ಳುವ ಬದಲು 100 ಮೆಸೇಜುಗಳನ್ನು ಒಂದೇ ಸಲ ತಗೊಂಡು ಒಂದೇ ಕಮಿಟ್ ಮಾಡಿ. ಮುಗಿದ ಮೆಸೇಜುಗಳನ್ನು ಅದೇ ಟೇಬಲ್‌ನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಇನ್ನೊಂದು ಟೇಬಲ್‌ಗೆ ಸಾಗಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಅಪ್‌ಡೇಟ್ ಹೊಸ ಪ್ರತಿಯೊಂದನ್ನು ಬರೆಯುತ್ತದೆ, ಹಳೆಯದು ವ್ಯಾಕ್ಯೂಮ್ ಎಂಬ ಗುಡಿಸುವ ಕೆಲಸ ಬರುವ ತನಕ ಕಸವಾಗಿ ಬಿದ್ದಿರುತ್ತದೆ. ಕ್ಯೂ ಟೇಬಲ್ ದಿನವಿಡೀ ಬದಲಾಗುವಂಥದ್ದು, ಅಲ್ಲಿ ಕಸ ಬಹಳ ಬೇಗ ಏರುತ್ತದೆ. ಆಗ 10 ಮೆಸೇಜು ಇದ್ದರೂ ಹುಡುಕುವುದು ನಿಧಾನ.

ಇಷ್ಟು ಮಾಡಿದ ಮೇಲೆ ವರ್ಕರ್ 10 ಸಾಕು. ನಿಜವಾಗಿ 10.

ಈಗ ಮೂರು ಸಲ ಹೋದ ಮೆಸೇಜಿಗೆ ಬರೋಣ. ಪೋಷಕರ ನಂಬಿಕೆ ಹೋಗುವುದು ತಡ ಆದಾಗ ಅಲ್ಲ, ಹೀಗೆ ಆದಾಗ.

ಗೇಟ್‌ವೇಗೆ ನೀವು 50ಕ್ಕಿಂತ ಜಾಸ್ತಿ ತಳ್ಳಿದಿರಿ. ಗೇಟ್‌ವೇ ಜೊತೆ ಮಾತಾಡುವ ನಿಯಮಾವಳಿಯಾದ ಎಸ್‌ಎಂಪಿಪಿಯಲ್ಲಿ ಇದಕ್ಕೆಂದೇ ಒಂದು ಉತ್ತರ ಇದೆ, "ಥ್ರಾಟಲ್ಡ್", ಹೆಕ್ಸ್ 58. ನಿಧಾನ ಮಾಡು ಅಂತ ಅದರ ಅರ್ಥ. ನಿಮ್ಮ ಕೋಡ್ ಅದನ್ನು ಮಾಮೂಲಿ ಫೇಲ್ ಅಂತ ಓದಿ ತಕ್ಷಣ ಮತ್ತೆ ಕಳಿಸಿರಬೇಕು. ಇದರಿಂದ ವೇಗ ಇಳಿಯಿತು. ಅದರ ಜೊತೆ ಗೇಟ್‌ವೇ ಉತ್ತರ ಕೊಡುವುದೂ ತಡವಾಯಿತು. ನಿಮ್ಮ ಟೈಮ್‌ಔಟ್ 10 ಸೆಕೆಂಡ್ ಇದ್ದು, ಅದು 12ನೇ ಸೆಕೆಂಡಿಗೆ "ಸರಿ, ತಗೊಂಡೆ" ಅಂದಿತು ಅನ್ನಿ. ಅಷ್ಟರಲ್ಲಿ ನಿಮ್ಮ ವರ್ಕರ್ ಫೋನ್ ಇಟ್ಟಾಗಿದೆ. ಮೆಸೇಜು ಕಳಿಸಿಯಾಗಿದೆ, ನಿಮಗೆ ಗೊತ್ತಿಲ್ಲ. ಮತ್ತೆ ಕ್ಯೂಗೆ ಹಾಕುತ್ತೀರಿ, ಮತ್ತೆ ಹೋಗುತ್ತದೆ.

ಇದು ನಿಮ್ಮೊಬ್ಬರ ತಪ್ಪಲ್ಲ. ಇಮೇಲ್ ಲೋಕ ಇದೇ ತೊಂದರೆಯನ್ನು 1988ರಲ್ಲೇ ಗುರುತಿಸಿ ಬರೆದಿಟ್ಟಿದೆ, ಆರ್‌ಎಫ್‌ಸಿ 1047 ಎಂಬ ಇಂಟರ್ನೆಟ್ ದಾಖಲೆಯಲ್ಲಿ. ಪತ್ರದ ಕೊನೆಯ ಚುಕ್ಕಿ ತಲುಪಿದ ಮೇಲೆ ಆ ಕಡೆಯ ಸರ್ವರ್ ಉತ್ತರಿಸಲು ತಡ ಮಾಡುತ್ತದೆ, ಈ ಕಡೆಯವನು ಬೇಸತ್ತು ಕನೆಕ್ಷನ್ ಕಡಿಯುತ್ತಾನೆ, ಪತ್ರ ಎರಡು ಸಲ ಹೋಗುತ್ತದೆ. ಅದಕ್ಕೇ ಇಮೇಲ್ ಸಾಗಿಸುವ ಇವತ್ತಿನ ಎಸ್‌ಎಂಟಿಪಿ ನಿಯಮದಲ್ಲಿ ಆ ಒಂದು ಹಂತಕ್ಕೆ 10 ನಿಮಿಷ ಕಾಯಬೇಕು ಅಂತ ಇದೆ. ಹೌದು, ನಿಮಿಷ. ಕನೆಕ್ಷನ್ ಸಿಗಲಿಲ್ಲ ಅಂದರೆ ಬೇಗ ಕೈಬಿಡಬಹುದು, ನಷ್ಟ ಇಲ್ಲ. ಮೆಸೇಜು ಕೈ ದಾಟಿದ ಮೇಲೆ ಉತ್ತರಕ್ಕೆ ಕಾಯುವಾಗ ಮಾತ್ರ ತಾಳ್ಮೆ ಬೇಕು. ಎರಡಕ್ಕೂ ಒಂದೇ ಟೈಮ್‌ಔಟ್ ಇಡುವುದೇ ತಪ್ಪು.

ಆದರೂ ಎಷ್ಟೇ ಕಾದರೂ ಯಾವತ್ತೋ ಒಂದು ದಿನ ನೆಟ್‌ವರ್ಕ್ ಸರಿಯಾಗಿ ಆ ಕ್ಷಣಕ್ಕೇ ಕಡಿದುಹೋಗುತ್ತದೆ. ಕ್ಯೂ ನಿಮಗೆ ಕೊಡಬಹುದಾದ ಭರವಸೆ "ಕನಿಷ್ಠ ಒಂದು ಸಲ", "ಸರಿಯಾಗಿ ಒಂದೇ ಸಲ" ಅಲ್ಲ. ಹಾಗಾಗಿ ಪ್ರತಿ ಮೆಸೇಜಿಗೂ ಹುಟ್ಟುವಾಗಲೇ ಒಂದು ಗುರುತು ಕೊಡಿ: ಶಾಲೆ, ಮಗು, ಪರೀಕ್ಷೆ, ಪೋಷಕರ ನಂಬರ್ ಸೇರಿ ಒಂದು ಕೀ. ಅದರ ಮೇಲೆ ಯೂನಿಕ್ ಇಂಡೆಕ್ಸ್ ಹಾಕಿ. ಟೀಚರ್ ಬಟನ್ ಎರಡು ಸಲ ಒತ್ತಿದರೂ ಎರಡನೆಯದು ಟೇಬಲ್ ಒಳಗೇ ಬರುವುದಿಲ್ಲ. ನಿಮ್ಮ ಗೇಟ್‌ವೇ ಇಂಥ ಕೀ ಒಪ್ಪುತ್ತದೆಯೇ ಕೇಳಿ. ಒಪ್ಪಿದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಟೈಮ್‌ಔಟ್ ಆದ ಮೆಸೇಜನ್ನು "ಫೇಲ್" ಅಂತ ಬರೆಯಬೇಡಿ, "ಗೊತ್ತಿಲ್ಲ" ಅಂತ ಬರೆಯಿರಿ. ಡೆಲಿವರಿ ರಿಪೋರ್ಟ್ ಬರುತ್ತದೆಯೇ ಅಂತ ಕೆಲವು ನಿಮಿಷ ಕಾದು ಆಮೇಲೆ ನಿರ್ಧರಿಸಿ. ಈ "ಗೊತ್ತಿಲ್ಲ" ಎಂಬ ಸ್ಥಿತಿ ಇಲ್ಲದ ಎಷ್ಟೋ ಸಿಸ್ಟಂಗಳನ್ನು ನೋಡಿದ್ದೇನೆ. ಎಲ್ಲದರಲ್ಲೂ ಡಬಲ್ ಮೆಸೇಜಿನ ದೂರು ಇತ್ತು.

ಒಂದು ವರ್ಕರ್ 100 ಮೆಸೇಜು ಎತ್ತಿಕೊಂಡು ಸತ್ತರೆ? ಅದಕ್ಕೆ ಎತ್ತಿಕೊಳ್ಳುವಾಗ "ಇಷ್ಟು ಗಂಟೆ ತನಕ ನನ್ನದು" ಅಂತ ಸಮಯ ಬರೆಯಬೇಕು. ಸಮಯ ಮೀರಿದರೆ ಬೇರೆ ವರ್ಕರ್ ತಗೊಳ್ಳಬಹುದು. ಅಮೆಜಾನ್‌ನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲಿ ಇದು ಡೀಫಾಲ್ಟ್ 30 ಸೆಕೆಂಡ್. ನೀವು ಬರೆಯುವ ಸಮಯ 100 ಮೆಸೇಜು ಕಳಿಸಲು ಬೇಕಾದುದಕ್ಕಿಂತ ಸಾಕಷ್ಟು ಜಾಸ್ತಿ ಇರಲಿ. ಇಲ್ಲದಿದ್ದರೆ ಬದುಕಿರುವ ವರ್ಕರ್‌ನ ಕೈಯಿಂದಲೇ ಇನ್ನೊಂದು ಕಿತ್ತುಕೊಂಡು ಕಳಿಸುತ್ತದೆ, ಮತ್ತೆ ಡಬಲ್.

ಮತ್ತೆ ಪ್ರಯತ್ನಿಸುವ ವಿಧಾನದ ಬಗ್ಗೆ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ನೋಡಿ ಕಲಿಯಿರಿ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದದ್ದು, 1998ರ ಕೊನೆಗೆ ಹೊರಬಂತು. ಒಂದು ಪತ್ರ ಹೋಗದಿದ್ದರೆ ಅದನ್ನು "ಡಿಫರ್ಡ್" ಎಂಬ ಬೇರೆ ಕ್ಯೂಗೆ ಸರಿಸುತ್ತದೆ. ಎರಡು ಪ್ರಯತ್ನಗಳ ನಡುವೆ ಕನಿಷ್ಠ 300 ಸೆಕೆಂಡ್, ಬರಬರುತ್ತಾ ಗರಿಷ್ಠ 4,000 ಸೆಕೆಂಡ್. ಐದು ದಿನ ಆದರೂ ಹೋಗದಿದ್ದರೆ ಕಳಿಸಿದವನಿಗೆ ವಾಪಸ್. 4ರಿಂದ ಶುರುವಾಗುವ ಎರರ್ ಬಂದರೆ ಆಮೇಲೆ ನೋಡೋಣ, 5ರಿಂದ ಶುರುವಾದರೆ ಮತ್ತೆ ಪ್ರಯತ್ನವೇ ಇಲ್ಲ. ನಿಮ್ಮ ಎಸ್‌ಎಂಎಸ್ ಎರರ್‌ಗಳನ್ನೂ ಹೀಗೇ ಬೇರೆ ಮಾಡಿ. ತಪ್ಪು ನಂಬರ್‌ಗೆ ಹತ್ತು ಸಲ ಕಳಿಸಿದರೆ ಅದು ಸರಿ ನಂಬರ್ ಆಗುವುದಿಲ್ಲ.

ಪ್ರತಿ ಸೋಲಿಗೂ ಕಾಯುವ ಸಮಯ ದುಪ್ಪಟ್ಟು ಮಾಡಿ, ಜೊತೆಗೆ ಸ್ವಲ್ಪ ಹೆಚ್ಚುಕಡಿಮೆ ಸೇರಿಸಿ. ಈ ಹೆಚ್ಚುಕಡಿಮೆಯ ಬೆಲೆ ನನಗೆ ಗೊತ್ತಾದದ್ದು ಒಂದು ರಾತ್ರಿ. ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ಪ್ರಯಾಣಿಕರಿಗೆ ಮೆಸೇಜು ಕಳಿಸುವ ಸಿಸ್ಟಂ ನೋಡಿಕೊಳ್ಳುತ್ತಿದ್ದೆ. ಸಂಜೆ ಹೊರಗಿನ ಲಿಂಕ್ ಹೋಯಿತು, ನಡುರಾತ್ರಿ ಕಳೆದ ಮೇಲೆ ಬಂತು. ಫೇಲ್ ಆದ ಎಲ್ಲ ಮೆಸೇಜಿಗೂ ಸರಿಯಾಗಿ 5 ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸು ಅಂತ ನಾನೇ ಬರೆದಿದ್ದೆ. ಲಿಂಕ್ ಬಂದ ತಕ್ಷಣ ಎಲ್ಲವೂ ಒಂದೇ ನಿಮಿಷದಲ್ಲಿ ಎದ್ದವು. ಗೇಟ್‌ವೇ ಅರ್ಧ ತಗೊಂಡು ಅರ್ಧ ತಳ್ಳಿತು. ತಳ್ಳಿದವೆಲ್ಲ ಮತ್ತೆ ಸರಿಯಾಗಿ 5 ನಿಮಿಷಕ್ಕೆ ಒಟ್ಟಿಗೆ ಎದ್ದವು. ಗ್ರಾಫ್‌ನಲ್ಲಿ ಬಾಚಣಿಗೆ ಹಲ್ಲಿನಂತೆ ಕಾಣುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಆ ಮೆಸೇಜುಗಳಲ್ಲಿ ಬರೆದಿದ್ದದ್ದು: "ನಿಮ್ಮ ಬಸ್ 15 ನಿಮಿಷದಲ್ಲಿ ಹೊರಡಲಿದೆ." ರಾತ್ರಿ ಎರಡು ಗಂಟೆಗೆ ಮಲಗಿದ್ದವರ ಫೋನ್‌ಗೆ ಅದು ಹೋಯಿತು. ಬೆಳಿಗ್ಗೆ ಬಂದ ಫೋನ್‌ಗಳಿಗೆ ಉತ್ತರ ಕೊಡಲು ಕೂತದ್ದು ನಮ್ಮ ಕಾಲ್ ಸೆಂಟರಿನ ಹುಡುಗಿಯರು, ನಾನಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅವತ್ತಿಂದ ಎರಡು ಕೆಲಸ ಬಿಡದೆ ಮಾಡುತ್ತೇನೆ. ಪ್ರತಿ ಮೆಸೇಜಿಗೂ ಒಂದು ಅವಧಿ ಬರೆಯುತ್ತೇನೆ. ಇಂಥ ಹೊತ್ತಿನ ಮೇಲೆ ಇದನ್ನು ಕಳಿಸಬಾರದು ಅಂತ. 5 ನಿಮಿಷಕ್ಕೆ ಸಾಯುವ ಒಟಿಪಿಯನ್ನು ಅರ್ಧ ಗಂಟೆ ಬಿಟ್ಟು ಕಳಿಸಿದರೆ ಯಾರಿಗೂ ಉಪಯೋಗ ಇಲ್ಲ. ಆ ಪೋಷಕರು ಅಷ್ಟರಲ್ಲಿ ಮತ್ತೆ ಮೂರು ಸಲ ಒಟಿಪಿ ಕೇಳಿರುತ್ತಾರೆ, ಸಾಲು ಇನ್ನೂ ಉದ್ದ ಆಗಿರುತ್ತದೆ. ವರ್ಕರ್ ಕೈಗೆ ತಗೊಂಡ ಕೂಡಲೇ ಮೊದಲು ಅವಧಿ ನೋಡಲಿ, ಮೀರಿದ್ದರೆ ಬಿಸಾಡಲಿ. ಎಸ್‌ಎಂಪಿಪಿಯಲ್ಲೂ ಇದಕ್ಕೆ ಒಂದು ಜಾಗ ಇದೆ, ಅಲ್ಲೂ ಬರೆಯಿರಿ, ಯಾಕೆಂದರೆ ಆಪರೇಟರ್ ಕಡೆಯೂ ಸಾಲು ಇರುತ್ತದೆ. ಎರಡನೆಯದು, ನಿಂತ ಸಿಸ್ಟಂ ಮತ್ತೆ ಶುರುವಾದಾಗ ಪೂರ್ತಿ ವೇಗಕ್ಕೆ ಹೋಗುವುದಿಲ್ಲ. ಸೆಕೆಂಡಿಗೆ 5, ಆಮೇಲೆ 10, 20, ಹೀಗೆ. ಥ್ರಾಟಲ್ಡ್ ಅಂತ ಬಂದರೆ ಅರ್ಧಕ್ಕೆ ಇಳಿಸುತ್ತೇನೆ.

ಈ ಏರಿಸಿ ಇಳಿಸುವ ಬುದ್ಧಿ ಇಂಟರ್ನೆಟ್ಟಿಗೆ ಬಂದದ್ದೂ ಪೆಟ್ಟು ತಿಂದ ಮೇಲೆಯೇ. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಬಿತ್ತು. ಎರಡರ ನಡುವಿನ ದೂರ 400 ಗಜ! ತಂತಿ ಕಡಿದಿರಲಿಲ್ಲ. ಪ್ಯಾಕೆಟ್ ತಲುಪಲಿಲ್ಲ ಅಂತ ಎಲ್ಲ ಕಂಪ್ಯೂಟರ್‌ಗಳೂ ಮತ್ತೆ ಮತ್ತೆ ಕಳಿಸಿದವು, ದಾರಿ ತುಂಬ ಅದೇ ಪ್ಯಾಕೆಟ್‌ಗಳ ಪ್ರತಿಗಳು. ವ್ಯಾನ್ ಜೇಕಬ್ಸನ್ ಅದನ್ನು ಬಿಡಿಸಿ ನೋಡಿ, ನಿಧಾನ ಶುರು ಮಾಡು, ಕಳೆದುಹೋದರೆ ವೇಗ ಇಳಿಸು ಎಂಬ ವಿಧಾನ ಕೊಟ್ಟರು. 1988ರಲ್ಲಿ ಆ ಪೇಪರ್ ಬಂತು. ನಿಮ್ಮ 200 ವರ್ಕರ್‌ಗಳು ಆ ದಿನ ಮಾಡಿದ್ದೂ ಆ ಕಂಪ್ಯೂಟರ್‌ಗಳು ಮಾಡಿದ್ದನ್ನೇ.

ಒಟಿಪಿಗೆ ಮೊದಲ ದಿನವೇ ಬೇರೆ ಕ್ಯೂ, ಬೇರೆ ವರ್ಕರ್ ಕೊಡಿ. ಗಿರಣಿಯಲ್ಲಿ ಮೆಣಸಿನಕಾಯಿಗೆ ಬೇರೆ ಯಂತ್ರ ಇರುತ್ತದಲ್ವಾ, ಹಾಗೆ. ಗೇಟ್‌ವೇಯ 50ರಲ್ಲಿ 10 ಒಟಿಪಿಗೆ ಮೀಸಲಿಡಿ, ಮಿಕ್ಕ 40 ದೊಡ್ಡ ಸಾಲಿಗೆ. ಎಲ್ಲ ವರ್ಕರ್‌ಗಳೂ ಸೇರಿ ಈ ಮಿತಿ ಪಾಲಿಸಬೇಕು. ಒಂದೊಂದಕ್ಕೆ ಬೇರೆ ಬೇರೆ ಮಿತಿ ಇಟ್ಟರೆ ಮುಂದೆ ಯಾರೋ ವರ್ಕರ್ ಏರಿಸಿದಾಗ ಒಟ್ಟು ಮೊತ್ತ ಮತ್ತೆ ಮೀರುತ್ತದೆ. ಇಮೇಲ್‌ಗಂತೂ ಈ ಸಾಲಿನ ಗೊಡವೆಯೇ ಬೇಡ, ನೇರ ಪೋಸ್ಟ್‌ಫಿಕ್ಸ್‌ಗೆ ಕೊಡಿ, ಅದು ನೋಡಿಕೊಳ್ಳುತ್ತದೆ. ಶಾಲೆಗಳ ನಡುವೆಯೂ ನ್ಯಾಯ ಇರಲಿ. 8,000 ಮಕ್ಕಳ ಶಾಲೆ ಮೊದಲು ಬಟನ್ ಒತ್ತಿತು ಅಂತ 40 ಮಕ್ಕಳ ಹಳ್ಳಿ ಶಾಲೆ ಅದರ ಹಿಂದೆ ಕಾಯಬಾರದು. ಸರದಿಯ ಮೇಲೆ ಪ್ರತಿ ಶಾಲೆಯಿಂದ ಸ್ವಲ್ಪ ಸ್ವಲ್ಪ ತಗೊಳ್ಳಿ. ಇಂಥ ಸಣ್ಣ ಶಾಲೆಗಳಿಂದ ದೊಡ್ಡ ಶಾಲೆಗೆ ಒಂದೆರಡು ನಿಮಿಷ ಜಾಸ್ತಿ ಆಗಬಹುದು, ಗೊತ್ತೂ ಆಗುವುದಿಲ್ಲ.

ಬೇಡ ಅನ್ನುವುದನ್ನೂ ಕಲಿಯಬೇಕು. ಗಿರಣಿಯವನು ಸಂಜೆ ಆರರ ಮೇಲೆ ಡಬ್ಬಿ ತಗೊಳ್ಳುವುದಿಲ್ಲ, "ನಾಳೆ ತನ್ನಿ" ಅನ್ನುತ್ತಾನೆ. ಒಳ್ಳೆಯ ಮೆಸೇಜಿಂಗ್ ಸಾಫ್ಟ್‌ವೇರ್ ಎಲ್ಲದರಲ್ಲೂ ಈ ಗುಣ ಇದೆ. ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್, ಲೋಡ್ ಒಂದು ಮಟ್ಟ ದಾಟಿದರೆ ಹೊಸ ಕನೆಕ್ಷನ್ ಬೇಡ ಅನ್ನುತ್ತದೆ. ಪೋಸ್ಟ್‌ಫಿಕ್ಸ್ ಕಳಿಸುವುದಕ್ಕಿಂತ ಬರುವುದು ಜಾಸ್ತಿ ಆದರೆ ಪ್ರತಿ ಹೊಸ ಪತ್ರ ತಗೊಳ್ಳುವ ಮುಂಚೆ ಒಂದು ಸೆಕೆಂಡ್ ತಡೆಯುತ್ತದೆ. ಅದರ ಆಕ್ಟಿವ್ ಕ್ಯೂನಲ್ಲಿ ಡೀಫಾಲ್ಟ್ ಆಗಿ 20,000ಕ್ಕಿಂತ ಜಾಸ್ತಿ ಪತ್ರ ಇರುವಂತಿಲ್ಲ. ರ್‍ಯಾಬಿಟ್‌ಎಂಕ್ಯೂ ಮೆಮೊರಿ ತುಂಬುತ್ತಾ ಬಂದರೆ ಕಳಿಸುವವರನ್ನೇ ನಿಲ್ಲಿಸುತ್ತದೆ. ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆಯ ಸರ್ವರ್‌ಗಳು ಓದಲು ನಿಧಾನ ಮಾಡುವ ಒಬ್ಬನ ಪಾಲಿನ ಸಾಲು ಮಿತಿ ಮೀರಿದರೆ ಅವನ ಕನೆಕ್ಷನ್ನನ್ನೇ ಕಡಿಯುತ್ತವೆ, ಮಿಕ್ಕವರು ಉಳಿಯಲಿ ಅಂತ. ನೀವು ಅಷ್ಟು ಕಠಿಣ ಆಗಬೇಕಿಲ್ಲ. ಶಾಲೆಯವರು ಬಟನ್ ಒತ್ತಿದಾಗ ತೆರೆಯ ಮೇಲೆ "ಈಗ ಸಾಲಿನಲ್ಲಿ ಇಷ್ಟಿವೆ, ನಿಮ್ಮದು ಸುಮಾರು 11.40ಕ್ಕೆ ಮುಗಿಯುತ್ತದೆ" ಅಂತ ತೋರಿಸಿ. ಲಿಟಲ್ ಅವರ ಗುಣಾಕಾರದಿಂದ ಇದು ಒಂದೇ ಸಾಲಿನ ಕೋಡ್. ತಡ ಆಗುತ್ತದೆ ಅಂತ ಮುಂಚೆಯೇ ಗೊತ್ತಿದ್ದರೆ ಹೆಡ್‌ಮಾಸ್ಟರ್ ಮತ್ತೆ ಮತ್ತೆ ಒತ್ತುವುದಿಲ್ಲ.

ಕಾಫ್ಕಾ ಬಗ್ಗೆ ಸಣ್ಣದಾಗಿ ಹೇಳಿಬಿಡುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದ ಒಳ್ಳೆಯ ಸಾಧನ. ಅದು ದಿನಚರಿ ಪುಸ್ತಕದಂತೆ, ಬಂದದ್ದನ್ನು ಕ್ರಮವಾಗಿ ಬರೆದಿಟ್ಟು ಡೀಫಾಲ್ಟ್ ಆಗಿ 7 ದಿನ ಇಡುತ್ತದೆ. ಒಂದೊಂದು ಮೆಸೇಜನ್ನು ಹಿಂದೆ ಸರಿಸು, ಇದನ್ನು 5 ನಿಮಿಷ ಬಿಟ್ಟು ನೋಡು, ಇದನ್ನು ಬಿಸಾಡು ಎಂಬ ಕೆಲಸ ಅದರ ಸ್ವಭಾವಕ್ಕೆ ಒಗ್ಗುವುದಿಲ್ಲ. ನಿಮಗೆ ಬೇಕಾದ್ದು ಅದೇ. 60,000 ಮೆಸೇಜು ಪೋಸ್ಟ್‌ಗ್ರೆಸ್‌ಗೆ ಏನೂ ಅಲ್ಲ. ದೊಡ್ಡ ಕಂಪನಿಗಳ ಅಂಕಿ ನೋಡಿಯೂ ಗಾಬರಿ ಬೀಳಬೇಡಿ. ವಾಟ್ಸಾಪ್ 2012ರ ಆರಂಭದಲ್ಲಿ ಒಂದೇ ಸರ್ವರ್‌ನಲ್ಲಿ 20 ಲಕ್ಷ ಕನೆಕ್ಷನ್ ಹಿಡಿದು ತೋರಿಸಿತ್ತು, ಎರ್ಲಾಂಗ್ ಭಾಷೆ ಮತ್ತು ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ ಬಳಸಿ. ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೆ ಸುಮ್ಮನೆ ತೆರೆದಿಟ್ಟ ಕನೆಕ್ಷನ್ ಬೇರೆ, ಹೊರಗಿನವರ ಗೇಟ್‌ವೇ ಮೂಲಕ ಹೋಗಬೇಕಾದ ಮೆಸೇಜು ಬೇರೆ.

ಕೊನೆಗೆ, ಏನನ್ನು ನೋಡುತ್ತಿರಬೇಕು. ಕ್ಯೂನ ಉದ್ದವನ್ನಲ್ಲ, ಅತಿ ಹಳೆಯ ಮೆಸೇಜಿನ ವಯಸ್ಸನ್ನು. 60,000 ಉದ್ದದ ಸಾಲು ಚೆನ್ನಾಗಿ ಓಡುತ್ತಿರಬಹುದು. 12 ಮೆಸೇಜಿನ ಸಾಲು ಬೆಳಗಿಂದ ನಿಂತಿರಬಹುದು. ಪೋಸ್ಟ್‌ಫಿಕ್ಸ್ ಜೊತೆ ಬರುವ "ಕ್ಯೂಶೇಪ್" ಎಂಬ ಸಣ್ಣ ಸಾಧನವನ್ನು ಒಂದು ಸಲ ಓಡಿಸಿ ನೋಡಿ. ಪ್ರತಿ ಡೊಮೇನ್‌ಗೂ ಒಂದು ಸಾಲು, ಕಾಲಂಗಳು ವಯಸ್ಸು: 5 ನಿಮಿಷ, 10, 20, 40, 80, ಹೀಗೆ ದುಪ್ಪಟ್ಟಾಗುತ್ತಾ 1,280ರ ತನಕ. ಎಡಗಡೆ ಅಂಕಿಗಳು ಗುಂಪಾಗಿದ್ದರೆ ಈಗಷ್ಟೇ ಬಂದ ಪ್ರವಾಹ, ಹರಿದುಹೋಗುತ್ತದೆ. ಬಲಗಡೆ ಒಂದೇ ಡೊಮೇನ್‌ನ ಎದುರು ಗುಂಪಾಗಿದ್ದರೆ ಆ ಡೊಮೇನ್ ನಿಮ್ಮನ್ನು ತಡೆದಿದೆ. ಒಂದು ನೋಟದಲ್ಲಿ ರೋಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಎಸ್‌ಎಂಎಸ್ ಟೇಬಲ್‌ಗೂ ಇಂಥದೇ ಒಂದು ಕ್ವೆರಿ ಬರೆಯಿರಿ, ಡೊಮೇನ್ ಜಾಗದಲ್ಲಿ ಶಾಲೆ ಇಡಿ. ಒಟಿಪಿ ವಯಸ್ಸು 30 ಸೆಕೆಂಡ್ ದಾಟಿದರೆ ಫೋನ್ ಬಡಿಯಲಿ. ಫಲಿತಾಂಶದ ಮೆಸೇಜಿಗೆ ಒಂದೂಕಾಲು ಗಂಟೆ ಕೊಡಬಹುದು.

ಮುಂದಿನ ಫಲಿತಾಂಶಕ್ಕೆ ಮುಂಚೆ ಒಂದು ಶನಿವಾರ ಇದನ್ನೆಲ್ಲ ಪರೀಕ್ಷೆ ಮಾಡಿ. ಇಮೇಲ್‌ಗೆ ಪೋಸ್ಟ್‌ಫಿಕ್ಸ್ ಜೊತೆಯಲ್ಲೇ "ಎಸ್‌ಎಂಟಿಪಿ ಸಿಂಕ್" ಬರುತ್ತದೆ, ಬಂದ ಪತ್ರಗಳನ್ನೆಲ್ಲ ನುಂಗಿ ಸುಮ್ಮನಿರುವ ಸರ್ವರ್. ಎಸ್‌ಎಂಎಸ್‌ಗೆ ನೀವೇ ಒಂದು ಸುಳ್ಳು ಗೇಟ್‌ವೇ ಬರೆಯಿರಿ, ನೂರು ಸಾಲಿನ ಕೋಡ್ ಆದೀತು. ಅದು ಸೆಕೆಂಡಿಗೆ 50 ತುಂಡು ತಗೊಳ್ಳಲಿ, 51ನೆಯದಕ್ಕೆ ಥ್ರಾಟಲ್ಡ್ ಅನ್ನಲಿ. ನೂರಕ್ಕೊಂದು ಮೆಸೇಜನ್ನು ತಗೊಂಡು 15 ಸೆಕೆಂಡ್ ಸುಮ್ಮನಿದ್ದು ಆಮೇಲೆ ಸರಿ ಅನ್ನಲಿ. 5,000 ಮೆಸೇಜು ಬಿಡಿ, ಅರ್ಧ ದಾರಿಯಲ್ಲಿ ಒಂದು ವರ್ಕರ್ ಕೊಂದುಹಾಕಿ, ಅದೇ ಹೊತ್ತಿಗೆ ನಿಮ್ಮ ಫೋನಿಂದ ಒಂದು ಒಟಿಪಿ ಕೇಳಿ. ಆಮೇಲೆ ಸುಳ್ಳು ಗೇಟ್‌ವೇಯ ಪುಸ್ತಕದಲ್ಲಿ ಒಂದೇ ಕೀ ಎರಡು ಸಲ ಬಂದದ್ದು ಎಷ್ಟು ಅಂತ ಎಣಿಸಿ. ಆ ಅಂಕಿ, ಒಟಿಪಿ ಬರಲು ಹಿಡಿದ ಸೆಕೆಂಡು, ಮತ್ತು ಆಗಿನ "ವೇಟ್" ಅಂಕಿ, ಈ ಮೂರನ್ನು ಬರೆದು ಕಳಿಸಿ. ಡಬಲ್ ಆದದ್ದು ಸೊನ್ನೆ ಇಲ್ಲದಿದ್ದರೆ ನಿಮ್ಮ ಟೈಮ್‌ಔಟ್ ಕೋಡ್ ಕೂಡ ಜೊತೆಗೆ ಇಡಿ, ಒಟ್ಟಿಗೆ ನೋಡೋಣ.